ಒಂದೇ ಭುಜ, ಎರಡು ಅಂಗಿ

2017ರ ಜೂನ್ 21ರ ರಾತ್ರಿ. ಸಿಡ್ನಿಯ ಕ್ರೀಡಾಂಗಣದಲ್ಲಿ ರಗ್ಬಿ ಲೀಗ್ ಪಂದ್ಯ ಮುಗಿಯಲು ಇನ್ನು ಮೂರೇ ನಿಮಿಷ. ನ್ಯೂ ಸೌತ್ ವೇಲ್ಸ್ 16, ಕ್ವೀನ್ಸ್‌ಲ್ಯಾಂಡ್ 16. ಕ್ವೀನ್ಸ್‌ಲ್ಯಾಂಡಿನ ಡೇನ್ ಗಗಾಯ್ ಆಗಷ್ಟೇ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಸ್ಕೋರ್ ಸಮ ಮಾಡಿದ್ದರು. ಈಗ ಮೈದಾನದ ಅಂಚಿನಿಂದ ಒಂದು ಒದೆತ ಬಾಕಿ. ಅದು ಎರಡು ಕಂಬಗಳ ನಡುವೆ ಹೋದರೆ ಗೆಲುವು. ತಪ್ಪಿದರೆ ಸರಣಿಯೇ ಕೈಬಿಡುವ ಭಯ. ಒದೆಯಲು ಬಂದವರು ಜೊನಾಥನ್ ಥರ್ಸ್ಟನ್. ಪಂದ್ಯದ ನಡುವೆಯೇ ಅವರ ಭುಜಕ್ಕೆ ಬಲವಾದ ಪೆಟ್ಟು ಬಿದ್ದಿತ್ತು. ಆದರೂ ಮೈದಾನ ಬಿಟ್ಟಿರಲಿಲ್ಲ. ಚೆಂಡು ಕಂಬಗಳ ನಡುವೆ ಹಾದುಹೋಯಿತು. ಕ್ವೀನ್ಸ್‌ಲ್ಯಾಂಡ್ 18–16ರಿಂದ ಗೆದ್ದಿತು.

ಮೂರು ವಾರಗಳ ನಂತರ ಕ್ವೀನ್ಸ್‌ಲ್ಯಾಂಡ್ ಕೊನೆಯ ಪಂದ್ಯವನ್ನೂ ಗೆದ್ದು ಸರಣಿಯನ್ನು ತನ್ನದಾಗಿಸಿಕೊಂಡಿತು. ಆ ಪಂದ್ಯದಲ್ಲಿ ಥರ್ಸ್ಟನ್ ಇರಲಿಲ್ಲ. ಅವರ ಭುಜಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಿತ್ತು. ಆ ವರ್ಷದ ಆಟ ಅಲ್ಲಿಗೇ ಮುಗಿದಿತ್ತು. ಇದರಿಂದ ಕ್ವೀನ್ಸ್‌ಲ್ಯಾಂಡಿಗಾದ ನಷ್ಟ ಒಂದು ಪಂದ್ಯ ಮಾತ್ರ. ವರ್ಷವಿಡೀ ಅವರಿಗೆ ಸಂಬಳ ಕೊಡುತ್ತಿದ್ದ ಟೌನ್ಸ್‌ವಿಲ್ ಊರಿನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ಕ್ಲಬ್ಬಿಗೆ ಉಳಿದ ಇಡೀ ಋತುವೇ ಹೋಯಿತು. ರಾಜ್ಯದ ಪಾಲಿಗೆ ವೀರಗಾಥೆಯಾದದ್ದೇ ಕ್ಲಬ್ಬಿನ ಪಾಲಿಗೆ ಗಾಯಾಳುಗಳ ಪಟ್ಟಿಯ ಒಂದು ಸಾಲು.

ಇಂಥ ಆಟಗಾರನ ಬೆಲೆ ಎಷ್ಟು? ಅವನ ಮೇಲೆ ಮೊದಲ ಹಕ್ಕು ಯಾರದು, ಕೂಲಿ ಕೊಡುವ ಕ್ಲಬ್ಬಿನದೋ ಹುಟ್ಟಿದ ನೆಲದ್ದೋ? ಆಸ್ಟ್ರೇಲಿಯಾದಲ್ಲಿ ಪ್ರತಿ ಚಳಿಗಾಲ, ಅಂದರೆ ನಮ್ಮ ಮಳೆಗಾಲದ ಹೊತ್ತಿಗೆ, ಈ ಚರ್ಚೆ ತಪ್ಪದೆ ಏಳುತ್ತದೆ. ಅದು ಬರೀ ಕ್ರೀಡಾಪುಟದ ಹರಟೆಯಲ್ಲ. ಪ್ರತಿಭೆಯುಳ್ಳ ಮಗುವಿನ ತಂದೆತಾಯಿಗಳೂ ಒಮ್ಮೆ ಕಿವಿಗೊಡಬೇಕಾದ ಮಾತು ಅದರಲ್ಲಿದೆ.

ಆಟದ ಮಿದುಳು

ರಗ್ಬಿ ಲೀಗ್ ಎಂದರೆ ಹದಿಮೂರು ಹದಿಮೂರು ಮಂದಿಯ ಎರಡು ತಂಡಗಳು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು 80 ನಿಮಿಷ ಆಡುವ ಆಟ. ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 'ಟ್ರೈ', ಅದಕ್ಕೆ 4 ಅಂಕ. ಆನಂತರದ ಒದೆತ ಗುರಿ ಮುಟ್ಟಿದರೆ ಇನ್ನೂ 2. ಕೈಯಿಂದ ಚೆಂಡನ್ನು ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ ಎಸೆಯಬಹುದು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಕಬಡ್ಡಿಯಲ್ಲಿ ದಾಳಿಗಾರನನ್ನು ಬಿಗಿಹಿಡಿಯುವುದನ್ನು ಕಂಡವರಿಗೆ ಇದು ಹೊಸತೆನಿಸದು. ಹೀಗೆ ಆರು ಬಾರಿ ಹಿಡಿಸಿಕೊಂಡರೆ ಚೆಂಡು ಎದುರು ತಂಡದ ಪಾಲು. ಆದ್ದರಿಂದ ಐದನೆಯ ಹಿಡಿತದ ನಂತರ ಸಾಮಾನ್ಯವಾಗಿ ಚೆಂಡನ್ನು ಒದೆಯುತ್ತಾರೆ.

ಈ ಆರು ಅವಕಾಶಗಳನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸುವವನೇ 'ಹಾಫ್‌ಬ್ಯಾಕ್'. ಅವನ ಅಂಗಿಯ ಸಂಖ್ಯೆ 7. ಮುಂದಿನ ಸಾಲಿನ ಆಟಗಾರರು ನೂರು ಕಿಲೋ ಮೀರಿದ ದಾಂಡಿಗರಾದರೆ, ಹಾಫ್‌ಬ್ಯಾಕ್ ಹೆಚ್ಚಾಗಿ ಅವರಿಗಿಂತ ಸಣ್ಣ ಗಾತ್ರದವನು. ಚೆಂಡನ್ನು ಎಡಕ್ಕೆ ಕೊಡಬೇಕೋ ಬಲಕ್ಕೋ, ಎತ್ತರಕ್ಕೆ ಒದೆಯಬೇಕೋ ನೆಲಕ್ಕೆ ತಾಗಿಸಿ ಉರುಳಿಸಬೇಕೋ, ಎದುರಾಳಿಗಳಲ್ಲಿ ಯಾರು ದಣಿದಿದ್ದಾರೆ, ಯಾರು ತಮ್ಮ ಜಾಗ ಬಿಟ್ಟಿದ್ದಾರೆ ಎಂಬುದನ್ನೆಲ್ಲ ಅರೆಕ್ಷಣದಲ್ಲಿ ಗ್ರಹಿಸಿ ಉಳಿದವರಿಗೆ ಕೂಗಿ ಹೇಳುವುದು ಅವನ ಕೆಲಸ. ಬಲ ತಂಡದ್ದು, ದಿಕ್ಕು ಅವನದು.

ಹೀಗಿರುವಾಗ ಎದುರಾಳಿಗಳು ಅವನನ್ನೇ ಗುರಿಯಾಗಿಸುವುದು ಸಹಜ. ದೈತ್ಯ ಆಟಗಾರರು ಬೇಕೆಂದೇ ಅವನತ್ತ ಓಡಿ ಬರುತ್ತಾರೆ. ತಡೆಯುತ್ತ ತಡೆಯುತ್ತ ಅವನು ದಣಿಯಲಿ, ದಣಿದು ತಪ್ಪು ತೀರ್ಮಾನ ಮಾಡಲಿ ಎಂಬ ಲೆಕ್ಕ. ಯೋಚಿಸಲೆಂದು ಇರುವವನನ್ನೇ ಯೋಚಿಸದಂತೆ ಮಾಡುವ ತಂತ್ರವಿದು.

ಬೆಲೆ ಕಟ್ಟುವ ಕಷ್ಟ

ಹಾಫ್‌ಬ್ಯಾಕಿನ ಕೆಲಸಕ್ಕೆ ಅಂಕಿಅಂಶಗಳಿಗೇನೂ ಕೊರತೆಯಿಲ್ಲ. ಎಷ್ಟು ಮೀಟರ್ ಒದ್ದ, ಎಷ್ಟು ಟ್ರೈಗಳಿಗೆ ದಾರಿ ಮಾಡಿಕೊಟ್ಟ, ಎಷ್ಟು ಮಂದಿಯನ್ನು ಕೆಡವಿದ ಎಂಬುದೆಲ್ಲ ಪಂದ್ಯ ಮುಗಿಯುವಷ್ಟರಲ್ಲಿ ಸಿದ್ಧ. ಆದರೆ ಅತಿ ಮುಖ್ಯವಾದದ್ದು ಆ ಪಟ್ಟಿಗೆ ಸಿಗುವುದಿಲ್ಲ ಎಂಬುದಕ್ಕೆ 2018ರ ಅಂತಿಮ ಪಂದ್ಯವೇ ಸಾಕ್ಷಿ.

ಸಿಡ್ನಿ ರೂಸ್ಟರ್ಸ್ ತಂಡದ ಹಾಫ್‌ಬ್ಯಾಕ್ ಕೂಪರ್ ಕ್ರಾಂಕ್ ಅವರ ಹೆಗಲೆಲುಬು ಅಂತಿಮ ಪಂದ್ಯಕ್ಕೆ ಒಂದು ವಾರ ಮೊದಲು ಬಿರುಕು ಬಿಟ್ಟಿತ್ತು. ಬಿರುಕಿನ ಉದ್ದ ಸುಮಾರು 15 ಸೆಂಟಿಮೀಟರ್. ಆದರೂ ಅವರು ಮೈದಾನಕ್ಕಿಳಿದರು. ಚೆಂಡನ್ನು ಹೆಚ್ಚಾಗಿ ಮುಟ್ಟಲಿಲ್ಲ. ಜೊತೆಯವರ ನಡುವೆ ನಿಂತು ಯಾರು ಎಲ್ಲಿಗೆ ಹೋಗಬೇಕೆಂದು ಹೇಳುತ್ತಲೇ ಇದ್ದರು. ರೂಸ್ಟರ್ಸ್ ಮೆಲ್ಬರ್ನ್ ಸ್ಟಾರ್ಮ್ ತಂಡವನ್ನು 21–6ರಿಂದ ಸೋಲಿಸಿತು. ಅಂದು ತಂಡಕ್ಕೆ ಬೇಕಾಗಿದ್ದುದು ಕ್ರಾಂಕ್ ಅವರ ಕೈಯಲ್ಲ, ಕಣ್ಣು ಮತ್ತು ಬಾಯಿ. ಇದನ್ನು ಯಾವ ಕೋಷ್ಟಕದಲ್ಲಿ ಬರೆಯುವುದು?

ಇನ್ನೊಂದು ಉದಾಹರಣೆ ಪೆನ್ರಿತ್ ಪ್ಯಾಂಥರ್ಸ್ ತಂಡದ್ದು. 2021ರಲ್ಲಿ ಹಾಫ್‌ಬ್ಯಾಕ್ ನೇಥನ್ ಕ್ಲಿಯರಿ ಅವರ ಮುಂದಾಳತ್ವದಲ್ಲಿ ಪೆನ್ರಿತ್ ಸತತ 12 ಪಂದ್ಯ ಗೆದ್ದಿತು. ಮೊದಲ ಸೋಲು ಕಂಡದ್ದು, ಕ್ಲಿಯರಿ ಮತ್ತು ಕೆಲವು ಜೊತೆಗಾರರು ರಾಜ್ಯ ತಂಡದ ಶಿಬಿರಕ್ಕೆ ಹೋದ ವಾರದಲ್ಲಿ. ಅಷ್ಟು ದಿನ ಅಜೇಯವಾಗಿದ್ದ ತಂಡ ವೆಸ್ಟ್ಸ್ ಟೈಗರ್ಸ್ ಎದುರು 6–26ರಿಂದ ಸೋತಿತು.

ಇಷ್ಟನ್ನು ನೋಡಿ 'ಹಾಫ್‌ಬ್ಯಾಕ್ ಇಲ್ಲದಿದ್ದರೆ ತಂಡವೇ ಇಲ್ಲ' ಎನ್ನಬಹುದೇ? ಅವಸರ ಬೇಡ. ಥರ್ಸ್ಟನ್ ಗಾಯಗೊಂಡ 2017ರಲ್ಲಿ ಕೌಬಾಯ್ಸ್ ಎಂಟನೆಯ ಸ್ಥಾನದಲ್ಲಿ ನಿಂತು ಹೇಗೋ ನಾಕ್‌ಔಟ್ ಹಂತ ತಲುಪಿತ್ತು. ಅಲ್ಲಿಂದ ಮೈಕೆಲ್ ಮಾರ್ಗನ್ ಹಾಫ್‌ಬ್ಯಾಕ್ ಹೊಣೆ ಹೊತ್ತು ತಂಡವನ್ನು ಅಂತಿಮ ಪಂದ್ಯದವರೆಗೆ ಕೊಂಡೊಯ್ದರು. ಅಲ್ಲಿ ಮೆಲ್ಬರ್ನ್ ಎದುರು ಸೋತರೂ ಅದು ಯಾರೂ ನಿರೀಕ್ಷಿಸದ ಸಾಧನೆ. ಮರುವರ್ಷ ಥರ್ಸ್ಟನ್ ಮರಳಿದರು. ತಂಡ 13ನೆಯ ಸ್ಥಾನಕ್ಕೆ ಇಳಿಯಿತು.

ಹಾಗಾದರೆ ಥರ್ಸ್ಟನ್ ಬೇಡವಾಗಿದ್ದರೇ? ಅದೂ ತಪ್ಪು ತೀರ್ಮಾನವೇ. 1995ರಲ್ಲಿ ಲೀಗಿಗೆ ಸೇರಿದ ಕೌಬಾಯ್ಸ್ ಕ್ಲಬ್ಬಿಗೆ 2015ರಲ್ಲಿ ಮೊದಲ ಪ್ರಶಸ್ತಿ ದಕ್ಕಿದ್ದು ಅವರ ಕಾಲಿನಿಂದಲೇ. ಸಮಬಲವಾದ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಅವರು ಒದ್ದ ಒಂದಂಕದ ಗೋಲು ಬ್ರಿಸ್ಬೇನ್ ಬ್ರಾಂಕೋಸ್ ತಂಡವನ್ನು 17–16ರಿಂದ ಮಣಿಸಿತು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಡ್ಯಾಲಿ ಎಂ ಪದಕವನ್ನು ನಾಲ್ಕು ಬಾರಿ ಪಡೆದವರು ಅವರು.

ಪ್ರಯೋಗಾಲಯದಲ್ಲಿ ಒಂದು ಗಿಡಕ್ಕೆ ಗೊಬ್ಬರ ಹಾಕಿ, ಅಂಥದೇ ಇನ್ನೊಂದಕ್ಕೆ ಹಾಕದೆ ಬಿಟ್ಟು ಎರಡನ್ನೂ ಹೋಲಿಸುತ್ತೇವೆ. ಆಟದಲ್ಲಿ ಅಂಥ ಅನುಕೂಲವಿಲ್ಲ. ಒಂದೇ ಋತುವನ್ನು ಥರ್ಸ್ಟನ್ ಇದ್ದು ಒಮ್ಮೆ, ಇಲ್ಲದೆ ಇನ್ನೊಮ್ಮೆ ಆಡಿಸಲಾಗದು. 2017ರಲ್ಲಿ ನಾಯಕನಿಲ್ಲದ ಹೊತ್ತು ಉಳಿದವರ ಹೊಣೆಗಾರಿಕೆಯನ್ನು ಹೆಚ್ಚಿಸಿರಬಹುದು. 2018ರಲ್ಲಿ 35ರ ವಯಸ್ಸು ಅವರ ವೇಗವನ್ನು ತಗ್ಗಿಸಿರಬಹುದು. ತಾರೆಯ ಬೆಲೆ ನಿಜ, ಆದರೆ ಅದು ತಕ್ಕಡಿಯಲ್ಲಿ ತೂಗಿ ಹೇಳುವಂಥದಲ್ಲ. ಹೀಗಾಗಿ ಅದು ಕಳೆದಾಗ ಆಗುವ ನಷ್ಟವನ್ನೂ ಯಾರೂ ಸರಿಯಾಗಿ ಲೆಕ್ಕ ಹಾಕುವುದಿಲ್ಲ.

ನೆಲದ ಕರೆ

ಕ್ಲಬ್ಬಿಗೆ ಇಷ್ಟು ಬೇಕಾದವನನ್ನು ರಾಜ್ಯವೇಕೆ ಕರೆಯಬೇಕು? ಇದಕ್ಕೊಂದು ಇತಿಹಾಸವಿದೆ. ಹಿಂದೆ ಆಟಗಾರನ ಕ್ಲಬ್ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೇ ಅವನು ಆಡಬೇಕಿತ್ತು. ಸಿಡ್ನಿಯ ಹಣವಂತ ಕ್ಲಬ್ಬುಗಳು ಕ್ವೀನ್ಸ್‌ಲ್ಯಾಂಡಿನ ಪ್ರತಿಭಾವಂತರನ್ನು ಸೆಳೆದುಕೊಳ್ಳುತ್ತಿದ್ದವು. ಆ ಹುಡುಗರೇ ನ್ಯೂ ಸೌತ್ ವೇಲ್ಸಿನ ಅಂಗಿ ತೊಟ್ಟು ತಮ್ಮ ತವರನ್ನು ಸೋಲಿಸುತ್ತಿದ್ದರು. ಈ ವೈಪರೀತ್ಯಕ್ಕೆ ಮದ್ದಾಗಿ ಬಂದದ್ದು 'ಸ್ಟೇಟ್ ಆಫ್ ಒರಿಜಿನ್'. ಕ್ಲಬ್ ಎಲ್ಲೇ ಇರಲಿ, ಆಟಗಾರ ಬೆಳೆದ ರಾಜ್ಯಕ್ಕೆ ಆಡಲಿ ಎಂಬುದು ಅದರ ತಿರುಳು.

1980ರ ಜುಲೈ 8ರಂದು ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ಮೊದಲ ಪಂದ್ಯ ನಡೆಯಿತು. ಕ್ವೀನ್ಸ್‌ಲ್ಯಾಂಡಿನ ನಾಯಕ ಆರ್ಥರ್ ಬೀಟ್ಸನ್ ಅವರಿಗೆ ಆಗ 35 ವರ್ಷ. ಅದುವರೆಗೆ ನ್ಯೂ ಸೌತ್ ವೇಲ್ಸಿಗೆ ಆಡಿದ್ದ ಅವರು ಹುಟ್ಟಿದ ರಾಜ್ಯದ ಅಂಗಿ ತೊಟ್ಟದ್ದು ಅದೇ ಮೊದಲು. ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು. 1982ರಿಂದ ಇದು ವರ್ಷಕ್ಕೆ ಮೂರು ಪಂದ್ಯಗಳ ಸರಣಿಯಾಗಿ, ಆಸ್ಟ್ರೇಲಿಯಾದ ಅತ್ಯಂತ ಜನಪ್ರಿಯ ಪಂದ್ಯಾವಳಿಗಳಲ್ಲಿ ಒಂದಾಗಿ ಬೆಳೆಯಿತು.

ಆದ್ದರಿಂದ ರಾಜ್ಯದ ಕರೆಯನ್ನು ಬಿಟ್ಟಿ ಚಾಕರಿ ಎನ್ನಲಾಗದು. ಆಟಗಾರರೇ ಅದಕ್ಕಾಗಿ ಹಾತೊರೆಯುತ್ತಾರೆ. ಥರ್ಸ್ಟನ್ 2005ರಿಂದ 2016ರವರೆಗೆ ಸತತ 36 ಒರಿಜಿನ್ ಪಂದ್ಯಗಳನ್ನು ಆಡಿದರು. ಕ್ಲಬ್ಬಿನಲ್ಲಿ 7ನೆಯ ಅಂಗಿ ತೊಡುವ ಅವರು, ಕ್ರಾಂಕ್ ರಾಜ್ಯದ ಹಾಫ್‌ಬ್ಯಾಕ್ ಆದ ಮೇಲೆ ಪಕ್ಕದ 6ನೆಯ ಸ್ಥಾನದಲ್ಲಿ ಆಡಿದರು. ಸ್ಥಾನ ಬದಲಾಯಿತೇ ಹೊರತು ಹಾಜರಿ ತಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ದೇಶಕ್ಕೆ ಆಡುವಾಗ ಭುಜಕ್ಕೆ ಪೆಟ್ಟಾಗಿ ಆ ಸರಪಳಿ ಕಡಿಯಿತು. ಅದೇ ತನ್ನ ಕೊನೆಯ ಪ್ರಾತಿನಿಧಿಕ ವರ್ಷವೆಂದು ಅವರು ಮೊದಲೇ ಸಾರಿದ್ದರು. 37ನೆಯ ಪಂದ್ಯಕ್ಕಾಗಿ ಮರಳಿ ಬಂದದ್ದು, ನೋವು ನುಂಗಿ ಆಡಿದ್ದು ಯಾರದೋ ಒತ್ತಾಯದಿಂದಲ್ಲ. ಆ ಆಸೆ ಅವರದೇ.

ಕ್ಲಬ್ಬುಗಳ ಅಳಲೂ ಸುಳ್ಳಲ್ಲ. ಒರಿಜಿನ್ ನಡೆಯುವುದು ಕ್ಲಬ್ ಋತುವಿನ ನಟ್ಟನಡುವೆ, ಬಹುಪಾಲು ಬುಧವಾರ ರಾತ್ರಿ. ಕ್ಲಬ್ ಪಂದ್ಯಗಳು ವಾರಾಂತ್ಯದಲ್ಲಿ. ಬುಧವಾರ ರಾಜ್ಯಕ್ಕಾಗಿ ಜಜ್ಜಿಸಿಕೊಂಡವನು ಅದೇ ವಾರಾಂತ್ಯದಲ್ಲಿ ಕ್ಲಬ್ಬಿಗೂ ಆಡಬೇಕೇ, ಬೇಡವೇ? ಇದರ ಮೇಲೆ ಪ್ರತಿ ತಂಡದ ಸಂಬಳದ ಮೊತ್ತಕ್ಕೆ ಲೀಗ್ ಮಿತಿ ಹಾಕಿದೆ. ತಾರೆ ಗಾಯಗೊಂಡನೆಂದು ಅಂಥದೇ ಇನ್ನೊಬ್ಬನನ್ನು ಕೊಂಡು ತರುವಂತಿಲ್ಲ. ಒಳ್ಳೆಯ ಆಟಗಾರರನ್ನು ಬೆಳೆಸಿದ ಕ್ಲಬ್ಬಿಗೇ ಹೆಚ್ಚಿನ ಪೆಟ್ಟು. ಯಾರನ್ನೂ ಬೆಳೆಸದ ಕ್ಲಬ್ ನೆಮ್ಮದಿಯಾಗಿರುತ್ತದೆ.

ದೇಹ ಇಡುವ ಲೆಕ್ಕ

ಕ್ಲಬ್ ಮತ್ತು ರಾಜ್ಯ ತಮ್ಮ ತಮ್ಮ ಪುಸ್ತಕದಲ್ಲಿ ಬೇರೆಬೇರೆ ಲೆಕ್ಕ ಬರೆಯಬಹುದು. ದೇಹ ಮಾತ್ರ ಒಂದೇ ಪುಸ್ತಕ ಇಡುತ್ತದೆ. ಅದರಲ್ಲಿ ಯಾವ ಅಂಗಿ ತೊಟ್ಟು ಪೆಟ್ಟು ತಿಂದೆ ಎಂಬ ಕಲಂ ಇಲ್ಲ.

ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಒಂದು ಪೆಟ್ಟಿನ ಅಂದಾಜು ಮಾಡಬಹುದು. 110 ಕಿಲೋಗ್ರಾಂ ರಾಶಿಯ ಆಟಗಾರನೊಬ್ಬ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬರುತ್ತಿದ್ದಾನೆ ಎನ್ನೋಣ. ಅವನ ಸಂವೇಗ 660. ಅವನನ್ನು 0.3 ಸೆಕೆಂಡಿನಲ್ಲಿ ತಡೆದು ನಿಲ್ಲಿಸಬೇಕಾದರೆ ಸರಾಸರಿ 2,200 ನ್ಯೂಟನ್ ಬಲ ಬೇಕು. ಅಂದರೆ ಆ ಕ್ಷಣಕ್ಕೆ ಸುಮಾರು 220 ಕಿಲೋ ತೂಕವನ್ನು ಹೆಗಲ ಮೇಲೆ ತೆಗೆದುಕೊಂಡಂತೆ. ಇಂಥ ಪೆಟ್ಟು ಒಂದು ಪಂದ್ಯದಲ್ಲಿ ಒಂದಲ್ಲ, ಹಲವು.

ಭುಜವಾದರೋ ದೇಹದ ಅತ್ಯಂತ ಚಲನಶೀಲ ಕೀಲು. ಗುಂಡು-ಗುಳಿಯ ಈ ಕೀಲಿನಲ್ಲಿ ಗುಂಡು ದೊಡ್ಡದು, ಗುಳಿ ಆಳವಿಲ್ಲದ್ದು; ಸಣ್ಣ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ತಟ್ಟೆಯ ಅಂಚಿಗೆ ಮೃದ್ವಸ್ಥಿಯ ಬಳೆಯೊಂದು ಕಟ್ಟೆ ಕಟ್ಟಿದೆ. ಸುತ್ತ ಸ್ನಾಯುಗಳು ಬಿಗಿದು ಹಿಡಿದಿವೆ. ತೋಳು ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯಕ್ಕೆ ನಾವು ಕೊಡುವ ಬೆಲೆಯೇ ಈ ಅಭದ್ರತೆ. ಆ ಬಳೆ ಹರಿದರೆ ಗುಂಡು ಜಾರತೊಡಗುತ್ತದೆ. ಮೃದ್ವಸ್ಥಿಗೆ ರಕ್ತದ ಸರಬರಾಜು ಕಡಿಮೆಯಾದ್ದರಿಂದ ಅದು ತಾನಾಗಿ ಕೂಡಿಕೊಳ್ಳುವುದು ಕಷ್ಟ.

ಪೆಟ್ಟು ಬೀಳದಿದ್ದರೂ ದಣಿವಿನ ಲೆಕ್ಕ ಬೇರೆ ಇದೆ. ಓಟಕ್ಕೆ ಇಂಧನವಾದ ಗ್ಲೈಕೋಜೆನ್ ಸ್ನಾಯುಗಳಲ್ಲಿ ಮತ್ತೆ ತುಂಬಿಕೊಳ್ಳಲು ಚೆನ್ನಾಗಿ ಉಂಡರೂ ಒಂದು ದಿನವೋ ಹೆಚ್ಚೋ ಬೇಕು. ಸ್ನಾಯುತಂತುಗಳ ಸೂಕ್ಷ್ಮ ಹರಿತಗಳು ಮಾಯಲು ಕೆಲವು ದಿನಗಳು. ನೋವು ಹೋದಾಕ್ಷಣ ರಿಪೇರಿ ಮುಗಿದಂತಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ವೇಗದ ಓಟದಲ್ಲಿ, ಕಾಲು ಮುಂದೆ ಚಾಚಿ ಇನ್ನೇನು ನೆಲ ಮುಟ್ಟುವ ಹೊತ್ತಿಗೆ, ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ದಣಿದ ಸ್ನಾಯು ಸೋಲುವುದು ಅಲ್ಲೇ. ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಂಭವ ಹೆಚ್ಚೆಂಬುದು ಕ್ರೀಡಾವೈದ್ಯರ ಅನುಭವ.

ಕ್ಲಿಯರಿ ಅವರ ದಾಖಲೆ ಇದನ್ನೇ ಹೇಳುತ್ತದೆ. 2021ರ ಎರಡನೆಯ ಒರಿಜಿನ್ ಪಂದ್ಯದಲ್ಲಿ ಅವರ ಭುಜಕ್ಕೆ ಗಾಯವಾಯಿತು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿ ಕ್ಲಬ್ಬಿಗೆ ಆಡಿದರು, ಪ್ರಶಸ್ತಿ ಗೆಲ್ಲಿಸಿದರು, ಅಂತಿಮ ಪಂದ್ಯದ ಶ್ರೇಷ್ಠ ಆಟಗಾರರೂ ಆದರು. ಬಾಕಿ ಉಳಿದ ಸಾಲವನ್ನು 2022ರ ಋತುವಿನ ಆರಂಭದ ಪಂದ್ಯಗಳನ್ನು ಬಿಟ್ಟುಕೊಟ್ಟು ತೀರಿಸಬೇಕಾಯಿತು. 2023ರಲ್ಲಿ ಮೊದಲ ಒರಿಜಿನ್ ಪಂದ್ಯ ಆಡಿದ ಕೆಲವೇ ದಿನಗಳಲ್ಲಿ ಕ್ಲಬ್ ಪಂದ್ಯವೊಂದರಲ್ಲಿ ಹ್ಯಾಮ್‌ಸ್ಟ್ರಿಂಗ್ ಕೈಕೊಟ್ಟಿತು. ರಾಜ್ಯದ ಉಳಿದೆರಡು ಪಂದ್ಯಗಳು ತಪ್ಪಿದವು. 2024ರಲ್ಲಿ ಅದೇ ಬಗೆಯ ಗಾಯದಿಂದ ಇಡೀ ಒರಿಜಿನ್ ಸರಣಿಯೇ ತಪ್ಪಿತು. ಇಲ್ಲಿ ಕಳೆದುಕೊಂಡದ್ದು ರಾಜ್ಯ, ಗಾಯವಾದದ್ದು ಕ್ಲಬ್ಬಿನ ಅಂಗಿಯಲ್ಲಿ. ಬುಧವಾರದ ದಣಿವೇ ಕಾರಣವೆಂದು ಖಚಿತವಾಗಿ ಹೇಳಲು ಬಾರದು; ಅಲ್ಲವೆಂದೂ ಹೇಳಲು ಬಾರದು. ಯಾರಿಂದ ಯಾರಿಗೆ ನಷ್ಟ ಎಂದು ಜಗಳವಾಡುವುದು ಹೀಗೆ ವ್ಯರ್ಥವಾಗುತ್ತದೆ. ಎರಡೂ ಕಡೆಯವರು ನೀರು ಸೇದುತ್ತಿರುವುದು ಒಂದೇ ಬಾವಿಯಿಂದ.

ಹಳೆಯ ಪ್ರಶ್ನೆ

ವಿಚಿತ್ರವೆಂದರೆ, ಈ ಆಟ ಹುಟ್ಟಿದ್ದೇ ಇಂಥ ಪ್ರಶ್ನೆಯಿಂದ. ಇಂಗ್ಲೆಂಡಿನ ಉತ್ತರ ಭಾಗದ ಗಣಿ, ಗಿರಣಿಗಳ ಕಾರ್ಮಿಕರು ರಗ್ಬಿ ಆಡಲು ಹೋದರೆ ಆ ದಿನದ ಕೂಲಿ ಖೋತಾ ಆಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಅವರ ಕ್ಲಬ್ಬುಗಳು ಕೇಳಿದವು. ಹವ್ಯಾಸಿ ಆಟಕ್ಕೆ ಹಣ ಸಲ್ಲದೆಂದು ರಗ್ಬಿಯ ಹಿರಿಯರು ನಿರಾಕರಿಸಿದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾದವು; ಮುಂದೆ ಅದೇ ರಗ್ಬಿ ಲೀಗ್ ಆಯಿತು. 1907ರಲ್ಲಿ ಸಿಡ್ನಿಯ ಅಲೆಕ್ ಬರ್ಡನ್ ಎಂಬ ಆಟಗಾರ ಗಾಯಗೊಂಡು ದುಡಿಮೆ ಕಳೆದುಕೊಂಡಾಗ ಪರಿಹಾರ ಸಿಗದೆ ಹೋದದ್ದು ಆಸ್ಟ್ರೇಲಿಯಾದಲ್ಲೂ ಅಸಮಾಧಾನದ ಕಿಡಿ ಹೊತ್ತಿಸಿತು. 1908ರಲ್ಲಿ ಅಲ್ಲೂ ಲೀಗ್ ಆರಂಭವಾಯಿತು.

ಆಟಗಾರನ ದೇಹವನ್ನು ಬಳಸಿಕೊಂಡವರು ಅದರ ನಷ್ಟವನ್ನೂ ಹೊರಬೇಕು ಎಂಬುದೇ ಅಂದಿನ ವಾದ. ಹಣದ ಮಟ್ಟಿಗೆ ಆ ವಾದ ಗೆದ್ದಿತು. ವಿಶ್ರಾಂತಿಯ ಮಟ್ಟಿಗೆ ಇನ್ನೂ ಗೆದ್ದಿಲ್ಲ.

ಪರಿಹಾರಕ್ಕೆ ಪ್ರಯತ್ನಗಳು ನಡೆಯದೆ ಇಲ್ಲ. 2018ರಲ್ಲಿ ಒರಿಜಿನ್ನಿನ ಒಂದು ಪಂದ್ಯವನ್ನು ಭಾನುವಾರ ಇಟ್ಟು, ಆ ವಾರಾಂತ್ಯ ಕ್ಲಬ್ ಪಂದ್ಯಗಳಿಗೆ ಬಿಡುವು ಕೊಟ್ಟರು. 2020ರಲ್ಲಿ ಕೊರೋನಾ ಕಾರಣದಿಂದ ಮೂರೂ ಪಂದ್ಯಗಳು ಕ್ಲಬ್ ಋತು ಮುಗಿದ ಮೇಲೆ ನವೆಂಬರಿನಲ್ಲಿ ನಡೆದವು. ಕ್ಲಬ್ಬುಗಳು ಬಯಸಿದ ಏರ್ಪಾಡು ಅನಿರೀಕ್ಷಿತವಾಗಿ ಕೈಗೂಡಿತ್ತು. ಆದರೆ ಮರುವರ್ಷವೇ ಸರಣಿ ಋತುವಿನ ನಡುವಿಗೆ ಮರಳಿತು. 2023ರಲ್ಲಿ ಮೂರೂ ಪಂದ್ಯಗಳು ಮತ್ತೆ ಬುಧವಾರಕ್ಕೆ ಬಂದವು. ಬುಧವಾರದ ರಾತ್ರಿ ಟೆಲಿವಿಷನ್ ಮುಂದೆ ಕೂರುವ ಲಕ್ಷಾಂತರ ಮಂದಿ ಆ ಆಟದ ದೊಡ್ಡ ಆದಾಯ. ಅದನ್ನು ಬಿಡುವುದು ಸುಲಭವಲ್ಲ.

ಇಲ್ಲಿ ಯಾರನ್ನೂ ಖಳನಾಯಕರೆನ್ನಬೇಕಾಗಿಲ್ಲ. ಕ್ಲಬ್ಬಿನ ತರಬೇತುದಾರನಿಗೆ ಬೇಕಾದದ್ದು ಈ ಭಾನುವಾರದ ಪಂದ್ಯ. ರಾಜ್ಯದ ತರಬೇತುದಾರನಿಗೆ ಬುಧವಾರದ್ದು. ಆಟಗಾರನಿಗಂತೂ ಎರಡೂ ಬೇಕು. ಇಲ್ಲ ಎನ್ನುವ ಕೆಲಸವನ್ನು ಅವನಿಗೇ ಬಿಟ್ಟರೆ ಅವನು ಎಂದೂ ಇಲ್ಲ ಎನ್ನಲಾರ. ಹುಮ್ಮಸ್ಸು ಅವನ ಗುಣ. ಇಲ್ಲಿ ಅದೇ ಅಪಾಯ. ಆದ್ದರಿಂದ ಚರ್ಚೆಯಾಗಬೇಕಾದದ್ದು 'ಅವನು ಯಾರ ಸೊತ್ತು' ಎಂದಲ್ಲ. ಕ್ಲಬ್, ರಾಜ್ಯ, ದೇಶ ಮೂರರ ಆಟವನ್ನೂ ಒಟ್ಟುಗೂಡಿಸಿ ಲೆಕ್ಕ ಇಡುವವರು ಯಾರು, ಸಾಕು ಎಂದು ಹೇಳುವ ಅಧಿಕಾರ ಯಾರಿಗೆ ಎಂಬುದು. ಆ ಅಧಿಕಾರ ಯಾವುದೇ ತಂಡದ ಗೆಲುವಿನಲ್ಲಿ ಪಾಲಿಲ್ಲದ ವೈದ್ಯರ ಕೈಯಲ್ಲಿದ್ದರೆ ಅರ್ಧ ಜಗಳ ತಾನಾಗಿ ತಣಿದೀತು.

ಮನೆಯಲ್ಲಿ ಇಡಬೇಕಾದ ಪುಸ್ತಕ

ಶಾಲೆಯ ಮೈದಾನದಲ್ಲಿ ಟೆಲಿವಿಷನ್ ಇಲ್ಲ, ಕೋಟಿಗಳ ಲೆಕ್ಕವೂ ಇಲ್ಲ. ಆದರೆ ಚೆನ್ನಾಗಿ ಓಡುವ ಹುಡುಗಿಯನ್ನು ತರಗತಿ, ಶಾಲೆ, ತಾಲ್ಲೂಕು, ಕ್ಲಬ್ ಎಲ್ಲರೂ ಕರೆಯುತ್ತಾರೆ. ಚೆನ್ನಾಗಿ ಬೌಲ್ ಮಾಡುವ ಹುಡುಗನಿಗೆ ಪ್ರತಿ ತಂಡದಲ್ಲೂ ಕೊನೆಯ ಓವರು ಕಾದಿರುತ್ತದೆ. ಪ್ರತಿಯೊಬ್ಬ ತರಬೇತುದಾರನಿಗೂ ತನ್ನ ಒಂದು ಪಂದ್ಯ ಮಾತ್ರ ಗೊತ್ತು. ಎಲ್ಲವನ್ನೂ ಕೂಡಿಸಿ ನೋಡಬಲ್ಲವರು ಮನೆಯವರು ಮಾತ್ರ.

ಅದಕ್ಕೊಂದು ಎರಡು ರೂಲಿನ ಪುಸ್ತಕ ಸಾಕು. ಯಾವ ದಿನ ಯಾವ ತಂಡಕ್ಕೆ ಎಷ್ಟು ಹೊತ್ತು ಆಟ, ಎಷ್ಟು ಗಂಟೆ ನಿದ್ದೆ, ಎಲ್ಲಾದರೂ ನೋವಿದೆಯೇ ಎಂದು ಮಗುವೇ ಬರೆಯಲಿ. ಒಂದೇ ಜಾಗದ ನೋವು ಮತ್ತೆ ಮತ್ತೆ ಕಾಣಿಸಿದರೆ ವೈದ್ಯರನ್ನು ಕಾಣಬೇಕು. ಮುಲಾಮು ಸವರಿ ಮೈದಾನಕ್ಕೆ ಕಳಿಸುವುದು ಸಲ್ಲದು. ಬೆಳೆಯುವ ಮಕ್ಕಳ ಎಲುಬಿನ ತುದಿಗಳಲ್ಲಿ ಬೆಳವಣಿಗೆಯ ಪದರಗಳು ಇನ್ನೂ ಮೆತ್ತಗಿರುತ್ತವೆ; ಅಲ್ಲಿ ಆಗುವ ಹಾನಿ ಬರೀ ಒಂದು ಋತುವಿನದಲ್ಲ. ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು ಸೋಮಾರಿತನವಲ್ಲ, ದೇಹ ತನ್ನ ಕೆಲಸ ಮಾಡಿಕೊಳ್ಳುವ ಹೊತ್ತು.

'ಇವತ್ತು ಭುಜ ನೋಯುತ್ತಿದೆ ಸರ್, ಆಡಲಾರೆ' ಎನ್ನಲು ಮಗುವಿಗೆ ಧೈರ್ಯ ಬರಬೇಕು. ಆ ಮಾತನ್ನು ಹೇಡಿತನವೆಂದು ತಿಳಿಯದ ದೊಡ್ಡವರು ಎದುರಿಗೆ ಇದ್ದರೆ ಮಾತ್ರ ಅದು ಬಂದೀತು.